ಬೈದರೂ ಎದ್ದುಹೋಗದವನು

ಹೋದ ತಿಂಗಳು ಗಂಡನ ಕಡೆಯವರ ಮದುವೆಗೆಂದು ರಾಯದುರ್ಗಕ್ಕೆ ಹೋಗಿದ್ದೆ. ಬಸ್ ಸ್ಟ್ಯಾಂಡಿನಿಂದ ನಡೆದು ಬರುವಾಗ ಒಂದು ಹೊಲಿಗೆ ಶೆಡ್ಡಿನ ಬಾಗಿಲು ತೆರೆದಿತ್ತು. ಒಳಗಿಂದ ಹೊಸ ಜೀನ್ಸ್ ಬಟ್ಟೆಯ ವಾಸನೆ ಮುಖಕ್ಕೆ ಬಡಿಯಿತು. ಗಂಜಿ, ನೀಲಿ ಬಣ್ಣ, ಮಿಷಿನ್ನಿನ ಎಣ್ಣೆ, ಹೆಂಗಸರ ಬೆವರು ಎಲ್ಲ ಕೂಡಿದ ವಾಸನೆ. ಮದುವೆ ಮನೆಗೆ ಹೊತ್ತಾಗಿದ್ದರೂ ಕಾಲು ಮುಂದೆ ಹೋಗಲಿಲ್ಲ. ಎದುರಿನ ಅಂಗಡಿಯ ಕಟ್ಟೆಯ ಮೇಲೆ ಕೂತುಬಿಟ್ಟೆ. ಆ ಊರಿನಲ್ಲಿ ನಾನು ಬಾಳಿದ್ದು ಬಹಳ ವರ್ಷ. ಆದರೆ ಈ ವಾಸನೆ ಕರೆತರುವುದು ಒಂದೇ ವರ್ಷವನ್ನು. ಅದರಲ್ಲೂ ಆಷಾಢದ ಗಾಳಿ ಎದ್ದಲ್ಲಿಂದ ಮಳೆ ಹಿಡಿಯುವ ತನಕದ ದಿನಗಳನ್ನು.

ನನ್ನ ತವರು ಮಡಕಶಿರಾ ಹತ್ತಿರದ ಹಳ್ಳಿ. ತಾತನ ಕಾಲದಿಂದಲೂ ನಾವು ಕ್ರೈಸ್ತರು. ಸುತ್ತಲಿನವರೆಲ್ಲ ಕಡಲೆಕಾಯಿ, ರಾಗಿ, ಹಿಪ್ಪುನೇರಳೆ ಬೆಳೆಯುವ ಹಿಂದೂ ರೈತರು. ಅವರ ನಡುವೆ ನಮ್ಮದು ಕೆಲವೇ ಮನೆ. ದೇವರು ನಮಗೆ ಮನೆಯ ಹಿರಿಯನಂತೆ ಇದ್ದ. ಅವನೆದುರು ಕಾಲು ಚಾಚಿ ಕೂರುವಂತಿರಲಿಲ್ಲ, ಎದುರು ಮಾತಾಡುವಂತಿರಲಿಲ್ಲ. ಮದುವೆಯಾಗಿ ರಾಯದುರ್ಗಕ್ಕೆ ಬಂದ ಮೇಲೆ ಅವನು ಇನ್ನಷ್ಟು ದೂರ ಹೋದ. ಆಂಧ್ರದ ಗಡಿಯ ಆ ಊರಿನ ನಮ್ಮ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಹಾಡು, ಪ್ರಾರ್ಥನೆ, ಪ್ರಸಂಗ ಎಲ್ಲ ತೆಲುಗಿನಲ್ಲಿ. ಸಂತೆಯ ತೆಲುಗು ನನಗೆ ಸಲೀಸು, ಪ್ರಾರ್ಥನೆಯ ತೆಲುಗು ಹಾಗಲ್ಲ. ಆ ದೊಡ್ಡ ದೊಡ್ಡ ಮಾತುಗಳನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದೆ. ತಪ್ಪಿಲ್ಲದೆ ಒಪ್ಪಿಸಿದ ದಿನ ಒಳ್ಳೆಯ ಭಕ್ತೆ ಎನಿಸುತ್ತಿತ್ತು.

ನನ್ನ ಗಂಡ ಸಾಮ್ಯುಯೇಲ್ ಓಬಳಾಪುರದ ಗಣಿಗಳ ಕಡೆ ಅದಿರಿನ ಟಿಪ್ಪರ್ ಓಡಿಸುತ್ತಿದ್ದರು, ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದರು. ನಾನು ಜೀನ್ಸ್ ಶೆಡ್ಡಿನಲ್ಲಿ ಜೇಬು ಹೊಲಿಯುತ್ತಿದ್ದೆ. ಮನೆಯಲ್ಲಿ ಅತ್ತೆ ರತ್ನಮ್ಮ, ಮಗಳು ಕೃಪಾ. ಕೃಪಾ ಶಾಲೆಗೆ ಸೇರಿದ ವರ್ಷವೇ ಅವಳಿಗೆ ಮೂರ್ಛೆ ಶುರುವಾಗಿತ್ತು. ಆಡುತ್ತಿದ್ದವಳು ನಿಂತಲ್ಲೇ ಕಣ್ಣು ಮೇಲೆ ಮಾಡಿ ಬಿದ್ದುಬಿಡುತ್ತಿದ್ದಳು, ಕೈಕಾಲು ಸೆಳೆಯುತ್ತಿದ್ದವು. ಓಣಿಯವರು ಕೈಗೆ ಬೀಗದ ಕೈ ಹಿಡಿಸು ಅಂದರು, ಈರುಳ್ಳಿ ಮೂಸಿಸು ಅಂದರು. ಬಳ್ಳಾರಿಯ ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಮಾತ್ರ, ಇದು ಮಿದುಳಿಗೆ ಸಂಬಂಧಿಸಿದ ಕಾಯಿಲೆ, ಬಿದ್ದಾಗ ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ, ಮಾತ್ರೆಯನ್ನು ಬೆಳಗ್ಗೆ ಸಂಜೆ ಒಂದು ಹೊತ್ತೂ ತಪ್ಪಿಸಬೇಡಿ ಎಂದು ನಿಧಾನವಾಗಿ ಹೇಳಿ ಕಳಿಸಿದರು. ಬೆಳಗಿನದನ್ನು ನಾನು ಕೊಡುತ್ತಿದ್ದೆ. ಶೆಡ್ಡಿನಿಂದ ನಾನು ಬರುವಷ್ಟರಲ್ಲಿ ಕತ್ತಲಾಗುತ್ತಿದ್ದರಿಂದ ಸಂಜೆಯದು ಅತ್ತೆಯ ಪಾಲಿಗಿತ್ತು. ಹೀಗೆ ಒಂದು ದಾರಿಗೆ ಬಂದಿತ್ತು. ಬೀಳುವುದು ಕಡಿಮೆಯಾಗಿತ್ತು, ನಿಂತಿರಲಿಲ್ಲ.

ಆ ವರ್ಷ ಆಷಾಢದ ಗಾಳಿ ಹುಚ್ಚು ಹಿಡಿದಂತೆ ಬೀಸಿತು. ಕೋಟೆ ಬೆಟ್ಟದ ಕಡೆಯಿಂದ ಎದ್ದ ಕೆಂಧೂಳು ಅನ್ನದ ತಟ್ಟೆಗೂ ಬರುತ್ತಿತ್ತು. ಮೋಡ ಬಂದು ನಮ್ಮ ತಲೆಯ ಮೇಲೆ ಹಾಯ್ದು ಎಲ್ಲಿಗೋ ಹೋಗುತ್ತಿತ್ತು. ಆ ಗಾಳಿಯಲ್ಲೇ ನಮ್ಮ ಸಭೆಯವರು ಪೆಂಡಾಲ್ ಹಾಕಿ, ಕಾಯಿಲೆ ಗುಣವಾಗಲೆಂದು ಪ್ರಾರ್ಥಿಸುವ ಸ್ವಸ್ಥತೆಯ ಕೂಟಗಳನ್ನು ನಡೆಸಿದರು. ದೂರದ ಊರಿನಿಂದ ಒಬ್ಬ ಬೋಧಕರನ್ನು ಕರೆಸಿದ್ದರು. ಅತ್ತೆ ಅವರ ವಿಡಿಯೋಗಳನ್ನು ಫೋನಿನಲ್ಲಿ ಅಷ್ಟೊತ್ತಿಗಾಗಲೇ ಎಷ್ಟೋ ಸಲ ನೋಡಿದ್ದರು. ಅವರು ನಮ್ಮ ಊರಿಗೇ ಬರುತ್ತಾರೆಂದು ಗೊತ್ತಾದಾಗಿನಿಂದ ಉಪವಾಸ ಹಿಡಿದಿದ್ದರು.

ಬೋಧಕರ ಗಂಟಲು ಒಳ್ಳೆಯದಿತ್ತು. ಅಳುವಂತೆ ಮಾಡುತ್ತಿದ್ದರು, ನನ್ನ ಕಣ್ಣಲ್ಲೂ ನೀರು ಬಂತು. ಎರಡನೆಯ ಸಂಜೆ ಕಾಯಿಲೆಯವರನ್ನೆಲ್ಲ ಮುಂದೆ ಕರೆದರು. ಅತ್ತೆ ಕೃಪಾಳ ಕೈ ಹಿಡಿದುಕೊಂಡು ಹೊರಟರು, ನಾನು ಹಿಂದೆ ಹೋದೆ. ಅವರು ಮಗುವಿನ ತಲೆಯ ಮೇಲೆ ಕೈಯಿಟ್ಟು ಕೂಗಿ ಪ್ರಾರ್ಥಿಸಿ, ಇವಳನ್ನು ಹಿಡಿದ ದುರಾತ್ಮ ಬಿಟ್ಟುಹೋಯಿತು ಎಂದರು. ಆಮೇಲೆ ಅವರು ನನ್ನ ಕಡೆ ತಿರುಗಿ, ಇನ್ನು ಮನೆಯಲ್ಲಿ ಔಷಧಿ ಇರಬಾರದು, ಔಷಧಿ ಇರುವ ಮನೆಯಲ್ಲಿ ನಂಬಿಕೆ ಇರುವುದಿಲ್ಲ, ನಾಳೆ ಆ ಮಾತ್ರೆಗಳನ್ನು ತಂದು ಎಲ್ಲರೆದುರು ಇಲ್ಲಿ ಇಟ್ಟು ಹೋಗು ಎಂದರು.

ಜನವೆಲ್ಲ ನನ್ನ ಬಾಯಿಯನ್ನೇ ನೋಡುತ್ತಿತ್ತು. ನಾನು ತೆಲುಗಿನಲ್ಲಿ ಉತ್ತರ ಹುಡುಕಿದೆ, ಸಿಗಲಿಲ್ಲ. ಬಂದದ್ದು ನನ್ನ ತವರಿನ ಮಾತು.

"ತರಲ್ಲ ಸ್ವಾಮಿ. ಪ್ರಾರ್ಥನೆ ಮಾಡಿದ್ರಿ, ತಲೆ ಮ್ಯಾಲೆ ಇಕ್ಕೊಂತೀನಿ. ಮಾತ್ರೆ ಮಾತ್ರ ನಾನು ಬಿಡಲ್ಲ."

ಅವರಿಗೆ ಕನ್ನಡ ಅರ್ಥವಾಗಲಿಲ್ಲ, ಆದರೆ ನನ್ನ ತಲೆ ಅಡ್ಡಡ್ಡ ಆಡಿದ್ದು ಅರ್ಥವಾಯಿತು. ಮೈಕಿನಲ್ಲೇ, ತಾಯಿಯ ಅನುಮಾನ ಮಗುವಿಗೆ ಬರುವ ಆಶೀರ್ವಾದಕ್ಕೆ ಅಡ್ಡ ನಿಂತಿದೆ ಎಂದರು. ಜನ 'ಸ್ತೋತ್ರ' ಎಂದಿತು. ನಮ್ಮ ಪಾಸ್ಟರಯ್ಯ ಅಲ್ಲೇ ಕುರ್ಚಿಯಲ್ಲಿ ಕೂತು ಕೈಯಲ್ಲಿದ್ದ ಕರವಸ್ತ್ರವನ್ನು ಮಡಚುತ್ತಿದ್ದರು. ಅವರು ಕೆಟ್ಟವರಲ್ಲ. ನನ್ನ ಹೆರಿಗೆಯ ಹೊತ್ತಿಗೆ ತಾವೇ ಓಡಾಡಿ ಆಟೋ ತಂದವರು. ಆದರೆ ಆ ಸಂಜೆ ತಲೆ ಎತ್ತಲಿಲ್ಲ.

ಅಂದಿನಿಂದ ಸಭೆಯಲ್ಲಿ ನನಗೊಂದು ಹೆಸರು ಬಿತ್ತು, ಅನುಮಾನದವಳು. ಕೈಕುಲುಕುತ್ತಿದ್ದ ಹೆಂಗಸರು ದೂರದಿಂದಲೇ ವಂದನೆ ಹೇಳತೊಡಗಿದರು. ಅತ್ತೆ ನನ್ನೊಡನೆ ಜಗಳ ಮಾಡಲಿಲ್ಲ. ಅದೇ ನನಗೆ ಆಶ್ಚರ್ಯವಾಗಿತ್ತು. ಮಾತು ಕಡಿಮೆ ಮಾಡಿದರು, ಉಪವಾಸ ಹೆಚ್ಚು ಮಾಡಿದರು, ಅಷ್ಟೆ.

ನಾನು ಬೆಳಗ್ಗೆ ಎಲ್ಲರಿಗಿಂತ ಮುಂಚೆ ಎದ್ದು ಮಾಳಿಗೆಗೆ ಹೋಗತೊಡಗಿದ್ದು ಆಗ. ಪ್ರಾರ್ಥನೆಗೆಂದೇ ಹೋಗಿದ್ದೆ. ಬಾಯಿಪಾಠದ ತೆಲುಗು ಶುರುಮಾಡಿದರೆ ಗಾಳಿಗೆ ಧೂಳು ಹಾರಿದಂತೆ ಮಾತು ಹಾರಿಹೋಗುತ್ತಿತ್ತು. ನಾಲ್ಕು ದಿನ ಒದ್ದಾಡಿ ಕೊನೆಗೆ ಸಿಟ್ಟು ಬಂದು, ಅಡುಗೆಮನೆಯಲ್ಲಿ ಕೂತು ಮಾತಾಡುವ ಕನ್ನಡದಲ್ಲೇ ಕೇಳಿಬಿಟ್ಟೆ. "ಯಾಕೆ ಸುಮ್ಕೆ ಕುಂತಿದ್ದೀಯ ನೀನು? ನನ್ನ ಮಗು ನಿನಗೇನು ಮಾಡಿತ್ತು?" ದೇವರಿಗೆ ಹಾಗೆ ಏಕವಚನದಲ್ಲಿ, ಹಾಗೆ ತಿರುಗಿಬಿದ್ದು ಕೇಳಿದ್ದು ಜನ್ಮದಲ್ಲಿ ಮೊದಲು. ಸಿಡಿಲು ಬೀಳುತ್ತದೆ ಅಂದುಕೊಂಡೆ. ಕೆಳಗೆ ಹಾಲಿನವನ ಸೈಕಲ್ ಗಂಟೆ ಕೇಳಿಸಿತು. ಇಳಿದು ಬಂದು ಒಲೆ ಹಚ್ಚಿದೆ. ಮರುದಿನ ಮತ್ತೆ ಹೋಗಿ ಬೈದೆ. ಬೈಗುಳ ಮುಗಿದ ಮೇಲೆ ಹೇಳಲು ಬೇರೆ ಮಾತುಗಳೂ ಇದ್ದವು. ಶೆಡ್ಡಿನಲ್ಲಿ ಸೊಂಟ ನೋಯುವುದು, ಗಂಡ ಬಾರದ ವಾರಗಳು, ಕೃಪಾ ಬಿದ್ದೆದ್ದ ಮೇಲೆ ನನ್ನ ಗುರುತು ಹಿಡಿಯದೆ ನೋಡುವ ಆ ಗಳಿಗೆ. ಇದನ್ನೆಲ್ಲ ನಾನು ಯಾರಿಗೂ ಹೇಳಿರಲಿಲ್ಲ. ಉತ್ತರವೇನೂ ಬರಲಿಲ್ಲ. ಆದರೆ ನಾನು ಎಷ್ಟು ಬೈದರೂ ಅವನು ಎದ್ದುಹೋಗುತ್ತಿಲ್ಲ ಎಂಬುದೊಂದು ನನಗೆ ತಿಳಿಯತೊಡಗಿತು. ಕೋಣೆಯಲ್ಲಿ ಇನ್ನೊಬ್ಬರು ಇದ್ದರೆ ಕಣ್ಣು ಮುಚ್ಚಿದ್ದರೂ ತಿಳಿಯುತ್ತದಲ್ಲ, ಹಾಗೆ.

ಶ್ರಾವಣ ಕಳೆಯುವ ಹೊತ್ತಿಗೆ ಒಂದು ಮಧ್ಯಾಹ್ನ ಶೆಡ್ಡಿನ ಬಾಗಿಲಲ್ಲಿ ಹನುಮಕ್ಕ ನಿಂತಿದ್ದಳು. ನಮ್ಮ ಪಕ್ಕದ ಮನೆಯವಳು, ಕುರಿ ಸಾಕುವ ಮನೆತನ. ಓಡಿ ಬಂದು ಅವಳ ಉಸಿರು ಮೇಲಕ್ಕೆ ಹತ್ತಿತ್ತು. "ಸುಗುಣಾ, ಲಗೂ ಬಾ. ಹುಡುಗಿ ಬಿದ್ದೈತಿ, ಎಚ್ಚರನ ಆಗವಲ್ದು" ಎಂದಳು. ನಾನು ಮಿಷಿನ್ ಆಫ್ ಮಾಡಿದೆನೋ ಇಲ್ಲವೋ ಗೊತ್ತಿಲ್ಲ. ಮನೆಗೆ ಬಂದರೆ ಕೃಪಾ ನೆಲದ ಮೇಲಿದ್ದಳು. ಒಂದು ಸೆಳೆತ ನಿಂತಿತು ಅನ್ನುವಷ್ಟರಲ್ಲಿ ಇನ್ನೊಂದು ಶುರುವಾಗುತ್ತಿತ್ತು. ತುಟಿ ನೀಲಿಗಟ್ಟಿತ್ತು. ಅತ್ತೆ ಮೂಲೆಯಲ್ಲಿ ಮಂಡಿಯೂರಿ ಜೋರಾಗಿ ಪ್ರಾರ್ಥಿಸುತ್ತಿದ್ದರು. ಹನುಮಕ್ಕನ ಗಂಡ ಕುರಿ ಸಾಗಿಸುವ ಗಾಡಿಯನ್ನು ಬಾಗಿಲಿಗೇ ತಂದು ನಿಲ್ಲಿಸಿದ. ಊರ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು, ಇಲ್ಲಿ ಇಟ್ಟುಕೊಳ್ಳುವಂತಿಲ್ಲ, ಬಳ್ಳಾರಿಗೆ ಹೋಗಿ ಎಂದು ಆಂಬುಲೆನ್ಸ್ ಕೊಟ್ಟರು. ದಾರಿಯುದ್ದಕ್ಕೂ ನಾನು ಒಂದೇ ಮಾತು ಹೇಳುತ್ತಿದ್ದೆ. ಅದು ಬೇಡಿಕೆಯಲ್ಲ. "ನಾನು ಬಿಡಲ್ಲ. ನೀನು ಏನ್ ಮಾಡಿದ್ರೂ ನಾನು ನಿನ್ನ ಬಿಡಲ್ಲ."

ಬಳ್ಳಾರಿಯಲ್ಲಿ ಮಗುವನ್ನು ಒಳಗೆ ಕರೆದೊಯ್ದ ಮೇಲೆ ಅದೇ ಡಾಕ್ಟರಮ್ಮ ಹೊರಗೆ ಬಂದು ಮಾತ್ರೆ ತಪ್ಪಿಸಿದ್ದೀರಾ ಎಂದು ಕೇಳಿದರು. ಇಲ್ಲ ಅಂದೆ. ಮತ್ತೆ ಕೇಳಿದರು. ಖಂಡಿತ ಇಲ್ಲ ಅಂದೆ. ಆಗ ನನ್ನ ಹಿಂದೆ ಗೋಡೆಗೊರಗಿ ಕೂತಿದ್ದ ಅತ್ತೆ ಎದ್ದು ನಿಂತರು.

"ತಪ್ಪಿಸೀನ್ರಿ ಅಮ್ಮಾರ. ಸಂಜಿ ಮಾತ್ರಿ ನಾನೇ ಕೊಟ್ಟಿಲ್ರಿ. ಆಕಿಗೆ ಗೊತ್ತಿಲ್ಲ. ಕೂಟ ಆದಾಗಿಂದ ಒಲಿಗೆ ಹಾಕೀನ್ರಿ."

ಡಾಕ್ಟರಮ್ಮ ಬೈದರು. ಇದ್ದಕ್ಕಿದ್ದಂತೆ ಮಾತ್ರೆ ಕಡಿಮೆ ಮಾಡಿದರೆ ಹೀಗೇ ಆಗುವುದು, ಜೀವ ಹೋಗುವುದೂ ಉಂಟು ಎಂದರು. ಅತ್ತೆ ಪ್ರತಿ ಮಾತಿಗೂ ಹೌದ್ರಿ, ಹೌದ್ರಿ ಅನ್ನುತ್ತಿದ್ದರು. ನನಗೆ ಅವರ ಮುಖ ನೋಡಲಾಗಲಿಲ್ಲ. ಆಸ್ಪತ್ರೆಯ ಬೇವಿನ ಮರದ ಕೆಳಗೆ ಹೋಗಿ ನಿಂತೆ. ಗಾಳಿ ಅಲ್ಲಿಯೂ ಇತ್ತು. ಮಾಳಿಗೆಯ ಮೇಲೆ ನಾನು ಬೆಳಗ್ಗೆ ಬೆಳಗ್ಗೆ ಬೈದದ್ದೆಲ್ಲ ಏನೂ ಅಲ್ಲ ಅನಿಸುವಂತೆ ಅಂದು ದೇವರನ್ನು ಬೈದೆ. ನಿನ್ನ ಹೆಸರಿನಲ್ಲೇ ಇದು ಆಯಿತಲ್ಲ, ನಿನ್ನ ಹೆಸರು ಹಿಡಿದುಕೊಂಡೇ ನನ್ನ ಮಗುವನ್ನು ಕೊಲ್ಲುತ್ತಿದ್ದರಲ್ಲ, ನಿನಗೆ ನಾಚಿಕೆಯಾಗಲಿಲ್ಲವಾ ಎಂದೆ. ಅತ್ತು ಅತ್ತು ಸಾಕಾದ ಮೇಲೆ ಒಂದು ಮಾತು ಒಳಗೆ ಸ್ಪಷ್ಟವಾಯಿತು. ಇದನ್ನು ಕೇಳುತ್ತಿರುವವನೂ ನನ್ನಷ್ಟೇ ಸಿಟ್ಟಾಗಿದ್ದಾನೆ. ಅದನ್ನು ನಾನು ಯಾರಿಗೂ ಸಾಬೀತು ಮಾಡಲಾರೆ. ಆದರೆ ಆ ಮರದ ಕೆಳಗಿನಿಂದ ನಾನು ವಾರ್ಡಿಗೆ ಒಬ್ಬಳೇ ವಾಪಸು ಹೋಗಲಿಲ್ಲ.

ಮರುದಿನ ಕೃಪಾ ಕಣ್ಣು ಬಿಟ್ಟು ನೀರು ಕೇಳಿದಳು. ಸಾಮ್ಯುಯೇಲ್ ಡ್ಯೂಟಿಯ ಬಟ್ಟೆಯಲ್ಲೇ ಬಂದಿದ್ದರು, ಮೈಯೆಲ್ಲ ಅದಿರಿನ ಕೆಂಪು ಧೂಳು. ತಾಯಿ ಮಾಡಿದ್ದು ಕೇಳಿ ಅವರು ಸಿಟ್ಟಿನಲ್ಲಿ, ಅಮ್ಮನನ್ನು ನೆಂಟರ ಊರಿಗೆ ಕಳಿಸಿಬಿಡುತ್ತೇನೆ, ಇನ್ನು ಈ ಸಭೆಯ ಹೊಸ್ತಿಲನ್ನೂ ತುಳಿಯುವುದು ಬೇಡ ಎಂದರು. ನಾನು ಎರಡಕ್ಕೂ ಒಪ್ಪಲಿಲ್ಲ. ಅತ್ತೆ ಆಗಲೇ ಅನ್ನ ಬಿಟ್ಟಿದ್ದರು. ಅದು ಉಪವಾಸವಲ್ಲ, ಗಂಟಲಲ್ಲಿ ಇಳಿಯುತ್ತಿರಲಿಲ್ಲ. ನಾನು ಕ್ಯಾಂಟೀನಿನಿಂದ ಇಡ್ಲಿ ತಂದು ಅವರೆದುರು ಬಿಚ್ಚಿಟ್ಟೆ.

"ತಿನ್ರಿ ಅತ್ತೆ. ನೀವು ನಂಬಿದ್ದು ತಪ್ಪಲ್ಲ. ನಿಮಗೆ ಹೇಳಿಕೊಟ್ಟಿದ್ದು ಸುಳ್ಳು."

ಅವರು ತುತ್ತು ಬಾಯಿಗಿಟ್ಟುಕೊಂಡು ಬಹಳ ಹೊತ್ತು ಅಗಿಯಲಿಲ್ಲ. ಆಮೇಲೆ, ಇನ್ನು ಮಾತ್ರೆ ನನ್ನ ಕೈಗೆ ಕೊಡಬೇಡ ಎಂದರು. ನಾನು, ಇಲ್ಲ, ನೀವೇ ಕೊಡಬೇಕು, ಸಂಜೆಯದು ನಿಮ್ಮದೇ ಎಂದೆ. ಅವರನ್ನು ಕ್ಷಮಿಸುವಷ್ಟು ದೊಡ್ಡ ಮನಸ್ಸು ಅಂದು ನನಗಿರಲಿಲ್ಲ. ಆದರೆ ಮಗುವಿನ ಅಜ್ಜಿಯನ್ನೂ ಆ ಸುಳ್ಳಿಗೆ ಬಿಟ್ಟುಕೊಡಲು ನಾನು ತಯಾರಿರಲಿಲ್ಲ.

ಮನೆಗೆ ಬಂದ ಮೇಲೆ ಪಾಸ್ಟರಯ್ಯ ನೋಡಲು ಬಂದರು. ಕೃಪಾಳ ತಲೆ ಸವರಿದರು. ಕಾಫಿ ಕುಡಿದು ವಿಷಯಕ್ಕೆ ಬಂದರು. ಬೋಧಕರು ಕೃತಜ್ಞತಾ ಕೂಟಕ್ಕೆ ಮತ್ತೆ ಬರುತ್ತಿದ್ದಾರೆ, ಸಾವಿನ ಬಾಯಿಂದ ಮಗು ಉಳಿದದ್ದು ತಮ್ಮ ಪ್ರಾರ್ಥನೆಯಿಂದಲೇ ಎಂದು ಅವರು ಹೇಳುತ್ತಿದ್ದಾರೆ, ನೀನು ವೇದಿಕೆಯ ಮೇಲೆ ಸಾಕ್ಷಿ ಹೇಳಬೇಕಂತೆ ಎಂದರು. ಹೇಳುತ್ತೇನೆ, ಆದರೆ ಆದದ್ದನ್ನೇ ಹೇಳುತ್ತೇನೆ ಎಂದೆ. ಅವರ ಮುಖ ಸಣ್ಣದಾಯಿತು. ಹಾಗಾದರೆ ಕೆಲವು ವಾರ ಸಭೆಗೆ ಬರುವುದೇ ಬೇಡ, ಗಲಾಟೆ ತಣ್ಣಗಾಗಲಿ ಎಂದರು.

"ಅಯ್ಯಾ, ನಾನು ಬರೋದು ನಿಮ್ಮನೆಗಲ್ಲ. ನಮ್ಮಪ್ಪನ ಮನೆ ಅದು. ಬಾಗ್ಲು ಹಾಕ್ಕೊಂಡ್ರೂ ಮೆಟ್ಲು ಮ್ಯಾಲೆ ಕೂತ್ಕೊಂತೀನಿ."

ಅವರು ಚಪ್ಪಲಿ ಮೆಟ್ಟಿಕೊಂಡು ಹೋದರು.

ಕೃತಜ್ಞತಾ ಕೂಟದ ದಿನ ಗಾಳಿ ಸಂಪೂರ್ಣ ನಿಂತಿತ್ತು. ಸೆಖೆಗೆ ಪೆಂಡಾಲಿನ ಬಟ್ಟೆ ಜೋಲು ಬಿದ್ದಿತ್ತು. ಸಾಮ್ಯುಯೇಲ್ ಕೂಡ ಬಂದಿದ್ದರು, ನಾವು ನಾಲ್ವರೂ ಹೋಗಿ ಮುಂದಿನ ಚಾಪೆಯ ಮೇಲೆ ಕೂತೆವು. ಬೋಧಕರೇ ನನ್ನನ್ನು ಕರೆದರು. ಮೆಟ್ಟಿಲು ಹತ್ತಿ ಮೈಕು ಕೈಗೆ ತೆಗೆದುಕೊಂಡೆ. ತೆಲುಗು ಹುಡುಕಲೇ ಇಲ್ಲ. ಎದುರು ಕೂತವರಿಗೆಲ್ಲ ಕನ್ನಡ ಬರುತ್ತಿತ್ತು.

ಮೊದಲ ಕೂಟದ ಮೇಲೆ ನಮ್ಮ ಮನೆಯಲ್ಲಿ ಮಾತ್ರೆ ನಿಂತದ್ದು, ಮಗು ಸಾಯುವ ಹಂತಕ್ಕೆ ಹೋದದ್ದು, ಡಾಕ್ಟರಮ್ಮ ಹೇಳಿದ್ದು, ಎಲ್ಲ ಹೇಳಿದೆ. ಅತ್ತೆಯ ಹೆಸರೆತ್ತಲಿಲ್ಲ. ಆದರೆ ಅವರು ಕೂತಲ್ಲಿಂದಲೇ "ನಾನೇ ನಿಲ್ಲಿಸಿದ್ದು" ಎಂದು ಗಟ್ಟಿಯಾಗಿ ಅಂದರು. ಬೋಧಕರು ಹಾಡು ಶುರುಮಾಡಿ ಎಂದು ಸನ್ನೆ ಮಾಡಿದರು. ಕೀಬೋರ್ಡಿನ ಸದ್ದು ಎದ್ದಿತು, ಮೈಕು ಸತ್ತಿತು. ನಾನು ಕೆಳಗಿಳಿಯಲಿಲ್ಲ. ಶೆಡ್ಡಿನಲ್ಲಿ ಮಿಷಿನ್ನುಗಳ ಸದ್ದಿನ ಮೇಲೆ ಮಾತಾಡಿ ಬೆಳೆದ ಗಂಟಲು ನನ್ನದು.

"ನನ್ನ ಮಗೀಗೆ ಗುಣ ಆಗಿಲ್ಲ. ಆಗಿದೆ ಅಂತ ಸುಳ್ಳು ಹೇಳಿ ನಾನು ದೇವರನ್ನ ದೊಡ್ಡೋನು ಮಾಡಬೇಕಾಗಿಲ್ಲ. ಆತ ಹಂಗೇ ದೊಡ್ಡೋನು. ಬೆಳಿಗ್ಗೆ ಮಾತ್ರೆ ಕೊಡ್ತೀನಿ, ಸಂಜೆ ಕೊಡ್ತೀವಿ, ಎರಡೂ ಹೊತ್ತು ಪ್ರಾರ್ಥನೆ ಮಾಡ್ತೀವಿ. ನಿಮ್ಮನೇಲಿ ಯಾರಾದ್ರೂ ಮಾತ್ರೆ ಬಿಟ್ಟಿದ್ರೆ ಇವತ್ತೇ ತಗೊಳ್ರಿ."

ಕೆಲವರು ಎದ್ದುಹೋದರು. ಬೋಧಕರು ಕಣ್ಣು ಮುಚ್ಚಿ ನನಗಾಗಿ ಪ್ರಾರ್ಥಿಸಿದರು, ಅದರಲ್ಲಿ ಶಾಪವೇ ಹೆಚ್ಚಿತ್ತು. ಅವರು ಆ ರಾತ್ರಿಯೇ ಹೊರಟುಹೋದರು, ಮತ್ತೆ ನಮ್ಮ ಊರಿಗೆ ಬರಲಿಲ್ಲ. ನಾನು ಗೆದ್ದೆನೆಂದು ಯಾರೂ ಅಂದುಕೊಳ್ಳಬಾರದು. ಮುಂದಿನ ಭಾನುವಾರ ನಮ್ಮ ಚಾಪೆಯ ಮೇಲೆ ನಾವಷ್ಟೇ ಕೂತಿದ್ದೆವು. ಅದರ ಮುಂದಿನ ಭಾನುವಾರವೂ ಹಾಗೇ. ನಾನು ಒಂದು ವಾರವೂ ತಪ್ಪಿಸಲಿಲ್ಲ, ಹಿಂದಿನ ಸಾಲಿಗೂ ಸರಿಯಲಿಲ್ಲ. ಬೆನ್ನ ಹಿಂದೆ ಪಿಸುಮಾತು ಕೇಳಿಸಿದರೆ ಇನ್ನಷ್ಟು ಗಟ್ಟಿಯಾಗಿ ಹಾಡುತ್ತಿದ್ದೆ. ಬೆಳಗ್ಗೆ ಮಾಳಿಗೆಗೆ ಹೋದಾಗ ಈಗ ಬೈಯುವುದು ಕಡಿಮೆಯಾಗಿತ್ತು. ಸುಮ್ಮನೆ ಕೂರುವುದು ಹೆಚ್ಚಾಗಿತ್ತು. ಒಬ್ಬರೊಡನೆ ದೊಡ್ಡ ಜಗಳವಾಡಿ, ಆದರೂ ಒಂದೇ ಸೂರಿನಡಿ ಉಳಿದವರ ನಡುವೆ ಇರುವಂಥ ಸಲಿಗೆ ನಮ್ಮಿಬ್ಬರ ನಡುವೆ ಹುಟ್ಟಿತ್ತು.

ಒಂದು ದಿನ ಸಭೆಯ ಹಿರಿಯರೊಬ್ಬರು, ಬಸ್ ಕಂಡಕ್ಟರಾಗಿ ರಿಟೈರಾದವರು, ಬಾಗಿಲ ಬಳಿ ನನ್ನನ್ನು ನಿಲ್ಲಿಸಿದರು. ಕೂಟದಲ್ಲಿ 'ಸ್ತೋತ್ರ' ಎಂದು ಜೋರಾಗಿ ಕೂಗಿದವರಲ್ಲಿ ಅವರೂ ಒಬ್ಬರು. ತಗ್ಗಿದ ದನಿಯಲ್ಲಿ, "ನಾನೂ ಶುಗರ್ ಇಂಜೆಕ್ಷನ್ ಬಿಟ್ಟಿದ್ದೆನವ್ವಾ. ಕಾಲಿನ ಗಾಯ ಮಾಯವಲ್ದಾಗಿತ್ತು. ಮತ್ತ ಚಾಲೂ ಮಾಡೀನಿ" ಎಂದರು. ಆ ವಾರ ಅವರ ಹೆಂಡತಿ ನಮ್ಮ ಚಾಪೆಯ ತುದಿಗೆ ಬಂದು ಕೂತರು.

ಕೃಪಾ ಈಗ ಕಾಲೇಜಿಗೆ ಹೋಗುತ್ತಾಳೆ. ಇಂದಿಗೂ ಮಾತ್ರೆ ನುಂಗುತ್ತಾಳೆ, ಅಪರೂಪಕ್ಕೆ ಬೀಳುತ್ತಾಳೆ. ಅತ್ತೆ ತೀರಿಕೊಳ್ಳುವ ವರ್ಷದವರೆಗೂ ಸಂಜೆಯ ಮಾತ್ರೆಯನ್ನು ಯಾರ ಕೈಗೂ ಬಿಡಲಿಲ್ಲ. ಆದರೆ ನಾನು ಹೇಳಬೇಕೆಂದಿರುವುದು ಆ ದಿನಗಳ ಕೊನೆಯ ಒಂದು ಭಾನುವಾರದ ಮಾತು.

ಮಳೆ ಕಡೆಗೂ ಹಿಡಿದಿತ್ತು. ಸಭೆಯ ತಗಡಿನ ಸೂರಿನ ಮೇಲೆ ಅದರ ಸದ್ದಿಗೆ ಪ್ರಸಂಗ ಕೇಳಿಸುತ್ತಿರಲಿಲ್ಲವೆಂದು ಪಾಸ್ಟರಯ್ಯ ಎಲ್ಲರಿಗೂ ಹಾಡಲು ಹೇಳಿದ್ದರು. ಹಾಡಿನ ನಡುವೆ ಕೃಪಾ ನನ್ನ ಮಡಿಲಿಗೆ ವಾಲಿದಳು. ಕೈ ಸೆಳೆಯತೊಡಗಿತು. ಹಾಡು ಅಲ್ಲಲ್ಲೇ ನಿಂತಿತು. ಯಾರೋ ಹೊರಗೆ ಎತ್ತಿಕೊಂಡು ಹೋಗಿ ಎಂದರು, ಯಾರೋ ದುರಾತ್ಮವನ್ನು ಗದರಿಸಲು ಕೈ ಎತ್ತಿದರು. ನಾನು ಮಗುವನ್ನು ಮಗ್ಗುಲಿಗೆ ತಿರುಗಿಸಿ ಮಲಗಿಸಿದೆ. ತಲೆ ಎತ್ತಿ ಎಲ್ಲರನ್ನೂ ನೋಡಿದೆ.

"ಹೊರಗೆ ಹೋಗಲ್ಲ. ಇಲ್ಲೇ ಇರ್ತಾಳೆ. ನೀವು ಹಾಡ್ರಿ, ನಿಲ್ಲಿಸ್ಬೇಡ್ರಿ."

ಮೊದಲು ಅತ್ತೆಯೊಬ್ಬರೇ ಹಾಡಿದರು. ಒಡಕು ಗಂಟಲು, ರಾಗ ಎತ್ತಲೋ ಹೋಯಿತು. ಆಮೇಲೆ ಕಂಡಕ್ಟರರ ಹೆಂಡತಿ ಸೇರಿಕೊಂಡರು. ಪಾಸ್ಟರಯ್ಯ ಪೀಠದಿಂದ ಇಳಿದು ಬಂದರು. ಬಂದು, ಹೆಗಲ ಮೇಲಿನ ಶಾಲು ಮಡಚಿ ಕೃಪಾಳ ತಲೆಯ ಕೆಳಗಿಟ್ಟು, ನಮ್ಮ ಚಾಪೆಯ ಮೇಲೆ ಕೂತರು. ಕೂತು ಅವರೂ ಹಾಡಿದರು. ನಿಧಾನಕ್ಕೆ ಸಭೆಯೆಲ್ಲ ಹಾಡಿತು. ಸೆಳೆತ ನಿಂತು ಮಗು ನಿದ್ದೆಹೋಯಿತು. ಹಾಡು ಮುಗಿದು, ವಾಕ್ಯ ಓದಿ, ಮಳೆ ತಗ್ಗಿದ ಮೇಲೆ ಅವಳು ಕಣ್ಣು ಬಿಟ್ಟಳು. ನನ್ನ ಗುರುತು ಹಿಡಿದಳು.

ಬೆಳಗಿನ ಗಡಿಬಿಡಿಯಲ್ಲಿ ಕೊಡಲಾಗದ ಮಾತ್ರೆ ಅತ್ತೆಯ ಚೀಲದಲ್ಲಿತ್ತು. ಪಾಸ್ಟರಯ್ಯ ತಾವೇ ಅತ್ತೆಯನ್ನು ಕೇಳಿದರು. "ರತ್ನಮ್ಮ, ಮಾತ್ರಿ ಎಲ್ಲೈತಿ? ಕೊಡ್ರಿ." ಎದ್ದು ಹೋಗಿ ಪೀಠದ ಮೇಲೆ ತಮಗೆಂದು ಇಟ್ಟಿದ್ದ ನೀರಿನ ಲೋಟವನ್ನು ತಂದರು. ಇಡೀ ಸಭೆ ನೋಡುತ್ತಿತ್ತು. ಕೃಪಾ ಮುಖ ಸೊಟ್ಟ ಮಾಡಿ ನುಂಗಿದಳು.

ನಾನು ಕಣ್ಣು ಮುಚ್ಚಲಿಲ್ಲ. ಕೈ ಜೋಡಿಸಲೂ ಇಲ್ಲ. ನನ್ನ ಪಕ್ಕದಲ್ಲಿ ಎದ್ದುಹೋಗದೆ ಕೂತಿದ್ದವನಿಗೆ ಮಾತ್ರ ಕೇಳುವಂತೆ ಹೇಳಿದೆ. ನೀನು ಗುಣ ಮಾಡಿಲ್ಲ, ಅದನ್ನು ನಾನು ಮರೆತಿಲ್ಲ. ನಾಳೆ ಬೆಳಗ್ಗೆ ಮತ್ತೆ ಕೇಳುತ್ತೇನೆ.